ಆ ಎಳೆತ ನನ್ನದು

ಅವಳ ಹೊಸ ಆಲ್ಬಂ ಬಂದ ಬೆಳಿಗ್ಗೆ ನಾನು ಚಾಮರಾಜಪೇಟೆಯ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆ. ಹಿತಕಿದ ಬೇಳೆ ಸಾರು ತಿನ್ನುವವರಿಗೆ ರುಚಿ, ಮಾಡುವವರಿಗೆ ಬೆರಳು ನೋವು. ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿಟ್ಟು ಹಾಡುಗಳನ್ನು ಒಂದರ ಹಿಂದೊಂದು ಬಿಟ್ಟಿದ್ದೆ. ಕೇಳಬಾರದು ಎಂದುಕೊಂಡೇ ಕೇಳುತ್ತಿದ್ದೆ. ಪ್ರತಿ ಹಾಡಿನಲ್ಲೂ ಒಂದು ತಪ್ಪಾದರೂ ಸಿಗಲಿ ಎಂದು ಕಾಯುತ್ತಿದ್ದೆ, ಸಿಗುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ಜನ ಸುಮ್ಮನೆ ಬಳಸುತ್ತಾರೆ. ನನಗೆ ಅದು ನಿಜಕ್ಕೂ ಹೊಟ್ಟೆಯಲ್ಲೇ, ಎಡಗಡೆ ಪಕ್ಕೆಲುಬಿನ ಕೆಳಗೆ ಉರಿಯುತ್ತದೆ. ಡಾಕ್ಟರು ಅದನ್ನು ಗ್ಯಾಸ್ಟ್ರಿಕ್ ಎನ್ನುತ್ತಾರೆ.

ಕೊನೆಯ ಹಾಡಿನ ಎರಡನೇ ಚರಣ ಬಂದಾಗ ನನ್ನ ಕೈ ನಿಂತಿತು. ಕೆಲಸ ಮುಗಿಸಿ ತಡವಾಗಿ ಮನೆಗೆ ಬಂದ ಹೆಂಗಸೊಬ್ಬಳು ದೀಪ ಹಾಕದೆ ಹಾಗೇ ಕೂತುಬಿಡುವ ಸಾಲೊಂದು ಅಲ್ಲಿದೆ. ಆ ಸಾಲಿನ ಮೊದಲ ಪದ ತಾಳ ಬಿದ್ದ ಮೇಲೆ ಬರುತ್ತದೆ. ತಪ್ಪಿ ತಡವಾದದ್ದಲ್ಲ, ಬೇಕೆಂದೇ ತಡವಾದದ್ದು. ಪದಕ್ಕೆ ಮುಂಚೆ ಬಾಯಿಂದ ಎಳೆದುಕೊಂಡ ಒಂದು ಪುಟ್ಟ ಉಸಿರು ಕೇಳುತ್ತದೆ. ಆ ಉಸಿರು ನನಗೆ ಗೊತ್ತು. ಆ ಎಳೆತ ನನಗೆ ಗೊತ್ತು. ನನ್ನ ದನಿಯನ್ನು ನಾನು ಗುರುತು ಹಿಡಿಯದೆ ಇನ್ನು ಯಾರು ಹಿಡಿಯಬೇಕು?

ಬಚ್ಚಲಿನ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ ಗಂಡನನ್ನು ಕರೆದು ಕೇಳಿಸಿದೆ.

"ಇದು ನಾನು ಕಣ್ರೀ."

"ಅವಳಲ್ವಾ? ಅವಳ ಫೋಟೋನೇ ಇದೆಯಲ್ಲ ಮೇಲೆ."

"ಫೋಟೋ ಹಾಡತ್ತಾ? ಕೇಳಿ ಸರಿಯಾಗಿ."

ಅವರು ಮುಖದ ತುಂಬಾ ನೊರೆ ಇಟ್ಟುಕೊಂಡು ಮತ್ತೊಮ್ಮೆ ಕೇಳಿದರು. "ನನಗೆ ನಿಮ್ಮಿಬ್ಬರ ದನೀನೂ ಒಂದೇ ಥರ ಕೇಳತ್ತೆ," ಎಂದು ಹೊರಟುಹೋದರು. ಇವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ನಾನು ಟ್ರ್ಯಾಕ್ ಹಾಡುವವಳು. ಸಿನಿಮಾ ಹಾಡು ಕೇಳುವ ಬಹಳ ಜನಕ್ಕೆ ಇಂಥದ್ದೊಂದು ಕೆಲಸ ಇದೆ ಎಂದೇ ಗೊತ್ತಿಲ್ಲ. ದೊಡ್ಡ ಗಾಯಕಿಯರಿಗೆ ಪುರುಸೊತ್ತಿರುವುದಿಲ್ಲ. ಹಾಗಾಗಿ ಸಂಗೀತ ನಿರ್ದೇಶಕರು ಮೊದಲು ನನ್ನಂಥವಳನ್ನು ಕರೆಸಿ ಇಡೀ ಹಾಡು ಹಾಡಿಸಿ ಇಟ್ಟುಕೊಳ್ಳುತ್ತಾರೆ. ಅದರ ಮೇಲೆ ವಾದ್ಯಗಳು ಕೂಡುತ್ತವೆ. ಆಮೇಲೆ ಒಂದು ದಿನ ದೊಡ್ಡ ಗಾಯಕಿ ಬಂದು, ನನ್ನ ಹಾಡನ್ನು ಕಿವಿಗೆ ಹಾಕಿಕೊಂಡು ಕಲಿತು, ಅದರ ಜಾಗದಲ್ಲಿ ತನ್ನದನ್ನು ಹಾಡಿ ಹೋಗುತ್ತಾಳೆ. ಅವಳದು ಸರಿಯಾಯಿತು ಎಂದ ಕೂಡಲೇ ನನ್ನದನ್ನು ಅಳಿಸುತ್ತಾರೆ. ಕಂಪ್ಯೂಟರಿನಲ್ಲಿ ಅದಕ್ಕೆ ನನ್ನ ಹೆಸರು ಕೂಡ ಇರುವುದಿಲ್ಲ. ಆಮೇಲೆ ಬದಲಾಯಿಸುವ ತಾಪತ್ರಯ ಬೇಡ ಎಂದು, ಮುಂದೆ ಹಾಡಲಿರುವವರ ಹೆಸರನ್ನೇ ಮೊದಲಿಂದ ಹಾಕಿಬಿಡುತ್ತಾರೆ. ಗಾಂಧಿನಗರದ ಸ್ಟುಡಿಯೋಗಳಲ್ಲಿ ನಾನು ಕಂಡಂತೆ ಎಲ್ಲರದೂ ಇದೇ ಪದ್ಧತಿ. ಒಗ್ಗರಣೆಗೆ ಕರಿಬೇವು ಬೇಕು, ತಿನ್ನುವಾಗ ತೆಗೆದು ತಟ್ಟೆಯ ಪಕ್ಕಕ್ಕೆ ಇಡುತ್ತಾರಲ್ಲ, ಅಷ್ಟೇ ನನ್ನ ಕಥೆ.

ಹೀಗೆ ನಾನು ಹಾಡಿದ ಮೇಲೆ ಬಂದು ಹಾಡಿ ಹೋಗುವ ಗಾಯಕಿಯರಲ್ಲಿ ಅವಳೂ ಒಬ್ಬಳು. ಬೇರೆ ಯಾರು ಬಂದು ನನ್ನನ್ನು ಅಳಿಸಿದರೂ ನನಗೆ ಏನೂ ಅನ್ನಿಸುವುದಿಲ್ಲ, ದುಡಿಮೆ ಎಂದುಕೊಂಡು ಮನೆಗೆ ಬರುತ್ತೇನೆ. ಅವಳು ಅಳಿಸಿದರೆ ಮಾತ್ರ ಮೈ ಉರಿಯುತ್ತದೆ, ಏಕೆಂದರೆ ಅವಳೂ ನಾನೂ ಒಂದೇ ಚಾಪೆಯ ಮೇಲೆ ಕೂತು ಸರಳೆ ವರಸೆ ಕಲಿತವರು.

ಬಸವನಗುಡಿಯಲ್ಲಿ, ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ ನಮ್ಮ ಟೀಚರ್ ಮನೆ. ಅವಳು ನನಗಿಂತ ಚಿಕ್ಕವಳು. ಎರಡು ಜಡೆ, ಮಡಿಸಿದ ಬಿಳಿ ಕಾಲುಚೀಲ, ನೆಟ್ಟಗೆ ಕೂತ ಬೆನ್ನು. ಅವಳ ತಾಳ ಗಡಿಯಾರ. ನನ್ನದು ಹಾಗಲ್ಲ. ಸ್ವರ ಸರಿ ಇರುತ್ತಿತ್ತು, ಆದರೆ ಎಲ್ಲರೂ ಪದ ಶುರು ಮಾಡಿದ ಮೇಲೆ ನಾನು ನಿಧಾನವಾಗಿ ಅದರೊಳಗೆ ಇಳಿಯುತ್ತಿದ್ದೆ. ಟೀಚರ್ ನನ್ನ ಮಂಡಿಯ ಮೇಲೆ ತಟ್ಟುತ್ತಿದ್ದರು.

"ಎಳೀಬೇಡ. ಎಷ್ಟು ಸಲ ಹೇಳೋದು ನಿನಗೆ, ಎಳೀಬೇಡ ಅಂತ? ಅವಳನ್ನ ನೋಡಿ ಕಲ್ತ್ಕೋ. ನಿನಗಿಂತ ಚಿಕ್ಕವಳು."

ಅವಳು ತಲೆ ತಗ್ಗಿಸಿ ಕೂತಿರುತ್ತಿದ್ದಳು. ಹೆಮ್ಮೆಪಡುತ್ತಿದ್ದಾಳೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಹಲ್ಲು ಕಡಿದುಕೊಂಡು ಮನೆಗೆ ಬರುತ್ತಿದ್ದೆ.

ಎಳೆಯುವುದು ನನಗೆ ಬಂದದ್ದು ಸೋದರಮಾವನಿಂದ. ಅವನು ಚಾಮರಾಜಪೇಟೆಯ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಸ್ಯಾಕ್ಸಫೋನ್ ನುಡಿಸುತ್ತಿದ್ದ. ವಯಸ್ಸಿನಲ್ಲಿ ಕಂಟೋನ್ಮೆಂಟ್ ಕಡೆಯ ಹೋಟೆಲುಗಳಲ್ಲಿ ಸಂಜೆ ಹೊತ್ತು ನುಡಿಸಿದ್ದನಂತೆ. ಮದುವೆ ದಿಬ್ಬಣದಲ್ಲಿ ಸಿನಿಮಾ ಹಾಡು ನುಡಿಸಿ ಬಂದು, ಬ್ಯಾಂಡಿನವರ ಕೆಂಪು ಕೋಟುಗಳನ್ನು ನೇತುಹಾಕುವ ಮಹಡಿ ಕೋಣೆಯಲ್ಲಿ ಕಾಲು ಚಾಚಿ, ಅಮೆರಿಕದ ಹಳೆಯ ಜಾಝ್ ಮತ್ತು ಸೋಲ್ ಶೈಲಿಯ ಹಾಡುಗಳ ಕ್ಯಾಸೆಟ್ ಹಾಕುತ್ತಿದ್ದ. ದಪ್ಪ ದನಿಯ ಹೆಂಗಸರು, ಯಾವ ಅವಸರವೂ ಇಲ್ಲದೆ, ಸಂಜೆ ಜಗಲಿಯಲ್ಲಿ ಕೂತು ಪಕ್ಕದ ಮನೆಯವಳಿಗೆ ಕಷ್ಟ ಹೇಳಿಕೊಂಡ ಹಾಗೆ ಹಾಡುತ್ತಿದ್ದರು. ನನಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಆದರೂ ಅವರು ಏನು ಹೇಳುತ್ತಿದ್ದಾರೆ ಎಂದು ತಿಳಿಯುತ್ತಿತ್ತು.

ಟೀಚರ್ ಬೈದದ್ದನ್ನು ಹೇಳಿ ಅತ್ತಾಗ ಮಾವ ನಕ್ಕಿದ್ದ. "ತಾಳ ಎಲ್ಲಿಗೂ ಓಡಿ ಹೋಗಲ್ಲಮ್ಮ. ನೀನು ನಿಧಾನವಾಗೇ ಬಾ," ಎಂದಿದ್ದ.

ಒಂದು ಸಲ, ಒಂದೇ ಒಂದು ಸಲ, ಕ್ಲಾಸು ಮುಗಿದ ಮೇಲೆ ಅವಳನ್ನೂ ಆ ಮಹಡಿಗೆ ಕರೆದುಕೊಂಡು ಹೋಗಿದ್ದೆ. ಅವಳು ಡ್ರಮ್ಮಿನ ಮೇಲೆ ಕೂತು, ನೀರು ಕೇಳಿ ಕುಡಿದು, ಅಪ್ಪ ಕಾಯುತ್ತಿರುತ್ತಾರೆ ಎಂದು ಎದ್ದು ಹೋದಳು. ಅಷ್ಟೇ ಅವಳ ಜಾಝ್ ಪಾಠ.

ಆಮೇಲೆ ಅವಳು ಬೆಳೆದಳು. ಮೊದಲು ಸಿನಿಮಾ ಹಾಡು, ಆಮೇಲೆ ತನ್ನದೇ ಪಾಪ್ ಹಾಡುಗಳು, ಆಮೇಲೆ ಕಾಲೇಜು ಹುಡುಗಿಯರೆಲ್ಲ ಅವಳ ಹಾಡಿಗೆ ರೀಲ್ಸ್ ಮಾಡಿದರು. ಮಲ್ಲೇಶ್ವರದ ಸರ್ಕಲ್ಲಿನಲ್ಲಿ ಸೀರೆ ಅಂಗಡಿಯ ಜಾಹೀರಾತಿನಲ್ಲಿ ಅವಳ ದೊಡ್ಡ ಮುಖ ಎದ್ದಾಗ, ನಾನು ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡೆ. ಅವಳು ಕೆಟ್ಟವಳಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ನನ್ನ ಅಮ್ಮನ ಬಿಪಿ ವಿಚಾರಿಸುತ್ತಾಳೆ. ಯುಗಾದಿಗೆ ಒಬ್ಬಟ್ಟು ಕಳಿಸುತ್ತಾಳೆ. ಆ ಒಬ್ಬಟ್ಟು ಚೆನ್ನಾಗಿಯೂ ಇರುತ್ತದೆ. ಇಂಥವಳನ್ನು ಎದುರಿಗೆ ಬೈಯುವುದು ಹೇಗೆ, ಮನಸ್ಸಿನಲ್ಲೇ ಬೈದುಕೊಳ್ಳಬೇಕು.

ಆಲ್ಬಂ ಬರುವ ಮುಂಚಿನ ಮಳೆಗಾಲದಲ್ಲಿ ಅವಳ ಫೋನು ಬಂತು.

"ಅಕ್ಕಾ, ಹಳೇ ಕಾಲದ ಜಾಝ್, ಸೋಲ್ ಥರ ಒಂದು ಆಲ್ಬಂ ಮಾಡ್ತಿದೀನಿ, ಪೂರ್ತಿ ಕನ್ನಡದಲ್ಲಿ. ಕಂಪ್ಯೂಟರ್ ತಾಳ ಎಲ್ಲಾ ಬೇಡ. ನುಡಿಸೋರೆಲ್ಲ ಒಂದೇ ರೂಮಲ್ಲಿ ಕೂತು ನುಡಿಸ್ಬೇಕು. ಆದ್ರೆ ಅವರೆಲ್ಲ ಸಿಗೋ ವಾರಾನೇ ನಾನು ಪ್ರೋಗ್ರಾಂಗೆ ದುಬೈಗೆ ಹೋಗ್ಬೇಕು. ನೀನು ಟ್ರ್ಯಾಕ್ ಹಾಡ್ತೀಯಾ? ನಿನ್ನ ಮಾವನ ಮಹಡೀಲಿ ಕೇಳಿದ್ವಲ್ಲ, ಆ ಥರ."

ಕೇಳಿದ್ವಲ್ಲ. ಆ ಬಹುವಚನ ಚುಚ್ಚಿತು, ನೋಡೋಣ ಎಂದಷ್ಟೇ ಅಂದೆ. ಅವಳು ಅದನ್ನು ಬೇರೆ ಥರ ಅರ್ಥಮಾಡಿಕೊಂಡಳೇನೋ.

"ಬರೀ ಟ್ರ್ಯಾಕ್ ಅಲ್ಲ ಅಕ್ಕ. ಕೊನೇ ಹಾಡಿನ ಎರಡನೇ ಚರಣ ನಿಂದೇ ಇರ್ಲಿ. ನಿನ್ನ ವಾಯ್ಸ್ ಇಡ್ತೀನಿ, ಹೆಸರೂ ಹಾಕ್ತೀವಿ. ಪ್ರಾಮಿಸ್."

ಇಷ್ಟು ವರ್ಷದಲ್ಲಿ ನನ್ನ ಹೆಸರಿನ ಜೊತೆ ನನ್ನ ದನಿ ಎಲ್ಲೂ ಹೊರಗೆ ಬಂದಿರಲಿಲ್ಲ. ಒಂದು ಚರಣ. ನಾಲ್ಕು ಸಾಲು. ನಾನು ಹೂಂ ಎಂದೆ. ಆಮೇಲೆ ಬಾಯಿ ಮುಚ್ಚಿಕೊಂಡು ಇರಬೇಕಿತ್ತು, ಇರಲಿಲ್ಲ. ಅಮ್ಮನಿಗೆ ಹೇಳಿದೆ. ಅಮ್ಮ ಕೆಳಗಿನ ಮನೆಯವರಿಗೆ, ಹೂವಿನವಳಿಗೆ, ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ನಾನು ಮಕ್ಕಳಿಗೆ ಹಾಡು ಹೇಳಿಕೊಡುವ ಶಾಲೆಯಲ್ಲಿ ಹೆಡ್‌ಮಿಸ್ ಅಸೆಂಬ್ಲಿಯಲ್ಲೇ ಹೇಳಿಬಿಟ್ಟರು. ಯಾವಾಗ ಬರುತ್ತೆ ಮಿಸ್ ಎಂದು ಮಕ್ಕಳು ದಿನಾ ಕೇಳತೊಡಗಿದವು.

ಗಾಂಧಿನಗರದ ಒಂದು ಓಣಿಯ ಮಹಡಿ ಸ್ಟುಡಿಯೋದಲ್ಲಿ ಆ ವಾರವೆಲ್ಲ ಹಾಡಿದೆ. ಡ್ರಮ್ಸ್, ನಿಂತು ನುಡಿಸುವ ದೊಡ್ಡ ಬೇಸ್, ಪಿಯಾನೊ, ಒಂದು ಟ್ರಂಪೆಟ್, ಒಂದು ಸ್ಯಾಕ್ಸಫೋನ್. ಅವರೆಲ್ಲ ಒಂದು ಕೋಣೆಯಲ್ಲಿ, ನಾನು ಪಕ್ಕದ ಗಾಜಿನ ಗೂಡಿನಲ್ಲಿ. ಮೊದಲ ದಿನ ಡ್ರಮ್ಸ್ ಹುಡುಗ ನನ್ನನ್ನು ಕಾಯಲು ಹೋಗಿ ತಾನೇ ನಿಧಾನವಾದ. "ನೀವು ಕಾಯ್ಬೇಡಿ, ನಿಮ್ಮ ಪಾಡಿಗೆ ಹೋಗ್ತಿರಿ. ನಾನು ಬರ್ತೀನಿ," ಎಂದೆ. ಅರ್ಥವಾಯಿತು ಅವನಿಗೆ. ಆಮೇಲೆ ಅವರು ಮುಂದೆ ಹೋಗುವುದು, ನಾನು ಸ್ವಲ್ಪ ಹಿಂದೆ ನಡೆದು ಬರುವುದು, ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ ಸೇರುವುದು. ಮಂಡಿಯ ಮೇಲೆ ತಟ್ಟುವವರು ಯಾರೂ ಇರಲಿಲ್ಲ. ಕೊನೆಯ ಹಾಡು ಮುಗಿದಾಗ ಸ್ಯಾಕ್ಸಫೋನಿನವರು ಗಾಜಿನ ಆಚೆಯಿಂದ ಕೈಯೆತ್ತಿ ಮುಗಿದರು. ಮಾವ ಇರಬೇಕಿತ್ತು ಎನ್ನಿಸಿ ಕಣ್ಣು ತುಂಬಿತು. ನನ್ನ ಜೀವನದಲ್ಲಿ ನಾನು ಅಷ್ಟು ಸುಖವಾಗಿದ್ದ ವಾರ ಇನ್ನೊಂದಿಲ್ಲ. ಮದುವೆಯ ವಾರವನ್ನೂ ಸೇರಿಸಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಆಮೇಲೆ ಅವಳು ದುಬೈನಿಂದ ಬಂದು ಅದೇ ಗೂಡಿನಲ್ಲಿ, ಅದೇ ಮೈಕಿನ ಮುಂದೆ, ನನ್ನ ಹಾಡು ಕೇಳಿ ಕೇಳಿ ತನ್ನದನ್ನು ಹಾಡಿದಳು ಎಂದು ತಿಳಿಯಿತು. ನನಗೆ ಫೋನು ಬರಲಿಲ್ಲ. ಆಲ್ಬಂ ಬರುವ ಮುಂಚೆ ಅವಳ ಸಂದರ್ಶನಗಳು ಬಂದವು. ಒಂದರಲ್ಲಿ ಅವಳು, ಚಿಕ್ಕವಳಿದ್ದಾಗ ಚಾಮರಾಜಪೇಟೆಯ ಒಂದು ಮಹಡಿಯಲ್ಲಿ ಈ ಸಂಗೀತ ಕೇಳಿದೆ, ಅದು ನನ್ನೊಳಗೆ ಉಳಿದುಬಿಟ್ಟಿತು ಎಂದಳು. ಯಾರ ಮಹಡಿ ಎಂದು ಕೇಳುವ ಬುದ್ಧಿ ಕೇಳುತ್ತಿದ್ದವನಿಗೆ ಇರಲಿಲ್ಲ. ಇನ್ನೊಂದರಲ್ಲಿ, ನಾವೆಲ್ಲ ಹಳೆಯ ಕಾಲದವರ ಹಾಗೆ ಒಂದೇ ಕಡೆ ಕೂತು ಮಾಡಿದ ಆಲ್ಬಂ ಇದು ಎಂದಳು. ನೀನೆಲ್ಲಿ ಕೂತಿದ್ದೆಯೇ, ದುಬೈಯಲ್ಲಿ, ಎಂದು ನಾನು ಫೋನಿಗೇ ಹೇಳಿದೆ. ತಾಳದ ಹಿಂದೆ ಸೋಮಾರಿಯಾಗಿ ನಡೆಯುವ ಇಂಥ ದನಿ ಕನ್ನಡಕ್ಕೇ ಹೊಸದು ಎಂದು ಒಬ್ಬರು ಬರೆದರು. ಅದನ್ನು ಓದಿದ ದಿನ ನಾನು ಎರಡು ಹೊತ್ತು ಊಟ ಬಿಟ್ಟೆ.

ಈಗ ಅವರೆಕಾಳಿನ ಬೆಳಿಗ್ಗೆಗೆ ಬರುತ್ತೇನೆ. ಹಾಡು ಮುಗಿದ ಮೇಲೆ ಹೆಸರುಗಳನ್ನು ನೋಡಿದೆ. ಡ್ರಮ್ಸ್ ಹುಡುಗನ ಹೆಸರಿತ್ತು, ಊಟ ತಂದುಕೊಟ್ಟವರ ಹೆಸರಿತ್ತು. ಹಾಡಿದವರು ಎಂಬಲ್ಲಿ ಅವಳೊಬ್ಬಳದೇ ಹೆಸರು. ದನಿ ಇಟ್ಟುಕೊಂಡು ಹೆಸರು ನುಂಗಿದ್ದಾಳೆ ಎಂದು ರಕ್ತ ಕುದಿಯಿತು. ನಿಜ ಹೇಳಬೇಕೆಂದರೆ ಆ ಕೋಪದಲ್ಲಿ ಅರ್ಧ ಸಂತೋಷವೂ ಇತ್ತು. ಇಷ್ಟು ದಿನ ಸುಮ್ಮನೆ ಹೊಟ್ಟೆ ಉರಿಸಿಕೊಳ್ಳುತ್ತಿದ್ದವಳಿಗೆ ಕೊನೆಗೂ ಒಂದು ನ್ಯಾಯವಾದ ಕಾರಣ ಸಿಕ್ಕಿತ್ತು. ಅವರೆಕಾಳನ್ನು ಅಮ್ಮನ ಮುಂದಿಟ್ಟು, ಸೀರೆ ಬದಲಾಯಿಸಿ, ಮೊದಲು ಸ್ಟುಡಿಯೋಗೆ ಹೋದೆ.

ಸ್ಟುಡಿಯೋದಲ್ಲಿ ಧ್ವನಿಮುದ್ರಣ ನೋಡಿಕೊಳ್ಳುವವನು ನನ್ನನ್ನು ಬಹಳ ವರ್ಷದಿಂದ ಬಲ್ಲವನು. ಕೂರಿಸಿ ಕಾಫಿ ತರಿಸಿದ. ನಾನು ಕೇಳಿದ್ದಕ್ಕೆ ತಲೆ ಕೆರೆದುಕೊಂಡ.

"ಅಕ್ಕಾ, ಮೇಡಂ ಎಲ್ಲಾ ಹಾಡುಗಳನ್ನೂ ಹಾಡ್ತಾ ಬಂದ್ರು. ಕೊನೇ ಹಾಡಿನ ಆ ಚರಣ ನಿಮ್ದೇ ಇರ್ಲಿ ಅಂದ್ರು. ಆದ್ರೂ ಆಸೆಯಾಗಿ ಒಂದ್ಸಲ ತಾವೂ ಹಾಡಿ ನೋಡಿದ್ರು. ನಾನು ಎರಡನ್ನೂ ವಾದ್ಯಗಳ ಜೊತೆ ಮಿಕ್ಸ್ ಮಾಡೋಕೆ ಚೆನ್ನೈಗೆ ಕಳಿಸ್ದೆ. ಎರಡರ ಮೇಲೂ ಅವರ ಹೆಸರೇ ಇತ್ತು, ನಿಮಗೇ ಗೊತ್ತಲ್ಲ ನಮ್ಮ ಪದ್ಧತಿ. ಅಲ್ಲಿನವರು ಒಬ್ಬರೇ ಎರಡು ಸಲ ಹಾಡಿರೋದು ಅಂದ್ಕೊಂಡು, ಚೆನ್ನಾಗಿರೋದನ್ನ ಇಟ್ಕೊಂಡು ಇನ್ನೊಂದನ್ನ ತೆಗೆದುಬಿಟ್ರು."

"ಯಾವುದನ್ನ ಇಟ್ಕೊಂಡ್ರು?"

"ಅದೇ ಗೊತ್ತಾಗ್ತಿಲ್ಲ. ಎರಡೂ ಒಂದೇ ಮೈಕು, ಒಂದೇ ಎಳೆತ."

"ಇಲ್ಲಿರೋದನ್ನ ಹಾಕು. ಪಕ್ಕದಲ್ಲಿಟ್ಟು ಕೇಳಿದ್ರೆ ತಿಳಿಯತ್ತೆ."

"ಮಿಕ್ಸ್ ಬಂದ್ಮೇಲೆ ಎಲ್ಲಾ ಖಾಲಿ ಮಾಡಿದೀನಿ ಅಕ್ಕ. ಯಾವತ್ತೂ ಮಾಡೋ ಹಾಗೇನೇ."

ನನ್ನ ಮುಂದೆಯೇ ಚೆನ್ನೈಗೆ ಫೋನು ಮಾಡಿದ. ಅಲ್ಲಿನವರು, ಮೇಡಂ ಎರಡು ಸಲ ಹಾಡಿದ್ದರು, ಒಂದು ಸುಮಾರಾಗಿತ್ತು, ಇನ್ನೊಂದು ಅದ್ಭುತವಾಗಿತ್ತು, ಸುಮಾರಾಗಿದ್ದನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ ಎಂದರು. ಕಾಫಿ ಲೋಟ ಕೈಯಲ್ಲೇ ಆರಿತು. ಎರಡರಲ್ಲಿ ಒಂದು ಸುಮಾರು, ಒಂದು ಅದ್ಭುತ. ಅವುಗಳಲ್ಲಿ ಒಂದು ನನ್ನದು.

ಮಲ್ಲೇಶ್ವರಕ್ಕೆ ಮೆಟ್ರೋ ಹತ್ತಿದೆ. ಅವಳ ಮನೆಯಲ್ಲಿ ಹೂಗುಚ್ಛಗಳು ಕುರ್ಚಿಗಳ ಮೇಲೂ ಇದ್ದವು. ಅವಳ ತಾಯಿ ನಡುಮನೆಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದರು, "ಬಾಮ್ಮ, ಚೆನ್ನಾಗಿದೀಯಾ?" ಎಂದರು. ಅವಳು ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಸುತ್ತಿದ್ದಳು. ನನ್ನನ್ನು ಕಂಡು ಮುಖ ಒಂದು ಥರ ಮಾಡಿಕೊಂಡಳು.

"ನಾನೇ ಬರ್ಬೇಕು ಅಂತಿದ್ದೆ ಅಕ್ಕ. ಹೇಗೆ ಹೇಳೋದು ಅಂತ ತಿಳೀಲಿಲ್ಲ. ಚೆನ್ನೈನೋರು ನಂದನ್ನೇ ಇಟ್ಕೊಂಡ್ರು."

"ನಿಂದು ಅಂತ ಹೇಗೆ ಗೊತ್ತು?"

"ಕೇಳಿದ್ರೆ ಗೊತ್ತಾಗಲ್ವಾ? ನನ್ನ ವಾಯ್ಸ್ ನನಗೆ ಗೊತ್ತಾಗಲ್ವಾ?"

"ನನಗೂ ಗೊತ್ತಾಯ್ತು. ಅದು ನಾನು."

ಫೈಲುಗಳ ಹೆಸರು, ಅಳಿಸಿದ್ದು, ಒಂದು ಸುಮಾರು ಒಂದು ಅದ್ಭುತ ಎಂದದ್ದು, ಎಲ್ಲವನ್ನೂ ಹೇಳಿದೆ. ನಂಬದವಳ ಹಾಗೆ ಹುಬ್ಬು ಗಂಟು ಹಾಕಿದಳು. ಆಮೇಲೆ ಹಾಲಿನ ಪಾತ್ರೆ ಕೆಳಗಿಳಿಸಿ, ಒಲೆಯ ಕಟ್ಟೆಗೆ ಒರಗಿ, ಆ ಸಾಲನ್ನು ಹಾಡಿದಳು.

ಮೈಕಿಲ್ಲ, ವಾದ್ಯವಿಲ್ಲ. ಬಾಯಿಂದ ಆ ಪುಟ್ಟ ಉಸಿರು ಎಳೆದುಕೊಂಡಳು. ಕಾಣದ ತಾಳ ಬೀಳಲು ಬಿಟ್ಟು, ಸ್ವಲ್ಪ ತಡೆದು, ಪದದೊಳಗೆ ಇಳಿದಳು. ನನ್ನ ಮಾವ ಕೊಟ್ಟದ್ದು, ಟೀಚರ್ ನನ್ನಿಂದ ಕಿತ್ತುಹಾಕಲು ನೋಡಿದ್ದು, ಅವಳ ಗಂಟಲಿನಿಂದ ಅಷ್ಟು ಸಲೀಸಾಗಿ ಬರುವುದನ್ನು ನಾನು ಎದುರಿಗೇ ನಿಂತು ನೋಡಿದೆ. ಕಳ್ಳತನವಾದ ನನ್ನ ಸೀರೆಯನ್ನು ಉಟ್ಟವಳು ಎದುರಿಗೇ ನಿಂತ ಹಾಗಾಯಿತು, ಅದೂ ಅವಳಿಗೆ ಒಪ್ಪುತ್ತಿತ್ತು. ತಡೆಯಲಾರದೆ ಅವಳು ನಿಲ್ಲಿಸಿದ ಕೂಡಲೇ ನಾನೂ ಆ ಸಾಲನ್ನು ಹಾಡಿದೆ.

ನಡುಮನೆಯಿಂದ ಅವಳ ತಾಯಿಯ ದನಿ ಬಂತು. "ಒಂದ್ಸಲ ಹಾಡಿದ್ದಾಯ್ತಲ್ಲೇ. ಅದನ್ನೇ ಮತ್ತೆ ಯಾಕೆ ಹಾಡ್ತೀಯ? ಅವಳಿಗೆ ಕಾಫಿ ಕೊಡು ಮೊದಲು."

ಹೆತ್ತ ತಾಯಿಗೇ ತಿಳಿಯಲಿಲ್ಲ ಎಂದ ಮೇಲೆ ಇನ್ನು ಯಾರ ಹತ್ತಿರ ಹೋಗಿ ಕೇಳುವುದು? ಅವಳು ಕಾಫಿ ಬೆರೆಸಿ ನನ್ನ ಮುಂದಿಟ್ಟಳು. ನನಗೆ ಸಕ್ಕರೆ ಕಡಿಮೆ ಎಂಬುದು ಅವಳಿಗೆ ನೆನಪಿತ್ತು. ಅದಕ್ಕೂ ಸಿಟ್ಟು ಬಂತು.

"ಕ್ಲಾಸಲ್ಲಿ ನೀನು ಹಾಗೆ ಎಳೆದು ಹಾಡೋವಾಗ ನನಗೆ ಎಷ್ಟು ಹೊಟ್ಟೆಕಿಚ್ಚಾಗ್ತಿತ್ತು ಗೊತ್ತಾ," ಎಂದಳು. "ಟೀಚರ್ ಬೈತಾರೆ ಅಂತ ಹೆದರ್ಕೊಂಡು ನಾನು ತಾಳಕ್ಕೇ ಹಾಡ್ತಿದ್ದೆ. ತಲೆ ತಗ್ಗಿಸ್ಕೊಂಡು ಕೂತಿರ್ತಿದ್ದೆ."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಕರಗಿಬಿಡುತ್ತಿದ್ದರು, ಅಪ್ಪಿಕೊಂಡು ಅಳುತ್ತಿದ್ದರು. ನನಗೆ ಇನ್ನಷ್ಟು ಉರಿಯಿತು. ಹೆಸರು ಅವಳದು, ಹೂಗುಚ್ಛ ಅವಳದು, ಈಗ ಎಳೆತವೂ ಅವಳದು. ಹೊಟ್ಟೆಕಿಚ್ಚೊಂದಾದರೂ ನನ್ನದೇ ಸ್ವಂತ ಎಂದುಕೊಂಡಿದ್ದೆ. ಅದರಲ್ಲೂ ಅವಳಿಗೆ ಪಾಲಿತ್ತಂತೆ.

"ಹೆಸರು ಹಾಕಿಸ್ತೀನಿ ಅಕ್ಕ," ಎಂದಳು. "ಇಬ್ಬರ ಹೆಸರೂ ಹಾಕ್ಸೋಣ. ಇವತ್ತೇ ಕಂಪನಿಯವರಿಗೆ ಹೇಳ್ತೀನಿ. ಫೋನಲ್ಲಿ ಬರೋ ಹಾಡಿಗೆ ಹೆಸರು ಸೇರ್ಸೋದು ಏನೂ ಕಷ್ಟ ಇಲ್ಲ."

ಕೇಳಲು ಬಂದದ್ದೇ ಅದನ್ನು. ಅಮ್ಮ, ಹೂವಿನವಳು, ಶಾಲೆಯ ಮಕ್ಕಳು, ಎಲ್ಲರ ಮುಖವೂ ಕಣ್ಣ ಮುಂದೆ ಬಂತು. ಹೂಂ ಎಂದುಬಿಟ್ಟರೆ ಸಾಕಿತ್ತು.

"ಅದು ನಾನಾಗಿದ್ರೆ ಹಾಕ್ಸು," ಎಂದೆ. "ನೀನಾಗಿದ್ರೆ ಬೇಡ. ನೀನು ಹಾಡಿದ್ದಕ್ಕೆ ನನ್ನ ಹೆಸರು ಹಾಕಿಸ್ಕೊಂಡು ತಿರುಗೋಕೆ ನಾನೇನು ಗತಿಗೆಟ್ಟಿಲ್ಲ."

"ಯಾರದು ಅಂತ ಗೊತ್ತಿಲ್ವಲ್ಲ ಅಕ್ಕ."

"ಹಾಗಿದ್ರೆ ಬೇಡ."

ಅವಳು ಬಾಗಿಲ ತನಕ ಬಂದಳು. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವವರೆಗೂ ಅಲ್ಲೇ ನಿಂತಿದ್ದಳು. ಮನೆಗೆ ಬಂದು ಅಮ್ಮನಿಗೆ, ಆ ಚರಣದಲ್ಲಿರೋದು ನಾನೇ, ಹೆಸರು ಹಾಕೋದು ಮರೆತಿದಾರೆ ಎಂದೆ. ಶಾಲೆಯಲ್ಲೂ ಅದನ್ನೇ ಹೇಳಿದೆ. ಮಕ್ಕಳು ನಂಬಿದವು. ಹೆಡ್‌ಮಿಸ್ ನಂಬಲಿಲ್ಲ, ಆದರೆ ಒಳ್ಳೆಯವರು, ಹೌದಾ ಎಂದು ತಲೆಯಾಡಿಸಿದರು.

ಆ ವರ್ಷವೆಲ್ಲ ಆ ಹಾಡು ಎಲ್ಲ ಕಡೆ ಕೇಳಿತು. ಆಟೋಗಳಲ್ಲಿ, ದರ್ಶಿನಿಗಳಲ್ಲಿ, ಎದುರು ಮನೆಯ ಹುಡುಗಿಯ ಫೋನಿನಲ್ಲಿ. ಎರಡನೇ ಚರಣ ಬಂದಾಗಲೆಲ್ಲ ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಒಂದು ದಿನ ಖಂಡಿತ ನಾನೇ ಅನ್ನಿಸುತ್ತಿತ್ತು. ಮರುದಿನ ಅವಳೇ ಎಂದು ತೋರುತ್ತಿತ್ತು. ಚೆನ್ನಾಗಿ ನಿದ್ದೆಯಾದ ದಿನ ಅದು ನಾನಾಗಿರುತ್ತಿದ್ದೆ.

ನವೆಂಬರಿನಲ್ಲಿ ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇತ್ತು. ನಾನು ಪ್ರತಿವರ್ಷ ಅದರಲ್ಲಿ ಹಾಡುತ್ತೇನೆ. ಆ ಆಲ್ಬಂನ ಕೊನೇ ಹಾಡು ಹಾಡಿ, ಜನ ಕೇಳ್ತಿದಾರೆ ಎಂದರು ಆರ್ಕೆಸ್ಟ್ರಾದವರು. ಬೇಡ ಎನ್ನಬೇಕಿತ್ತು. ಆದರೆ ನನ್ನ ಬೀದಿಯಲ್ಲಿ, ನನ್ನ ಜನರ ಮುಂದೆ, ನನ್ನ ಎಳೆತವನ್ನು ನಾನೇ ಹಾಡಿ ತೋರಿಸುವ ಆಸೆ ಗೆದ್ದಿತು. ಇವಳೇ ನಿಜವಾದವಳು ಎಂದು ಒಬ್ಬರಿಗಾದರೂ ಅನ್ನಿಸಲಿ ಎಂದುಕೊಂಡೆ.

ಆರ್ಕೆಸ್ಟ್ರಾಗಳಲ್ಲಿ ಒಂದು ಪದ್ಧತಿಯಿದೆ. ದೊಡ್ಡವರ ಹಾಡನ್ನು ಅವರ ಹಾಗೆಯೇ ಹಾಡುವವರನ್ನು ಆ ದೊಡ್ಡವರ ಹೆಸರಿಗೆ ಜೂನಿಯರ್ ಸೇರಿಸಿ ಕರೆಯುತ್ತಾರೆ. ಹಾಗೆ ಕರೆಯುವುದು ಮರ್ಯಾದೆಗೆ. ನಿರೂಪಕ ಹುಡುಗ ಮೈಕು ಹಿಡಿದು ಜೋರಾಗಿ, ಈಗ ನಿಮ್ಮ ಮುಂದೆ ಜೂನಿಯರ್ ಎಂದು ಅವಳ ಹೆಸರು ಹೇಳಿ ನನ್ನತ್ತ ಕೈ ತೋರಿಸಿದ. ನಾನು ಅವಳಿಗಿಂತ ದೊಡ್ಡವಳು. ಬೀದಿಯ ತುಂಬಾ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನೂ ಚಪ್ಪಾಳೆ ತಟ್ಟಿದರು.

ಹಾಡಿದೆ. ಎರಡನೇ ಚರಣದಲ್ಲಿ ನನ್ನಲ್ಲಿದ್ದದ್ದನ್ನೆಲ್ಲ ಹಾಕಿದೆ. ತಾಳವನ್ನು ಹೋಗಲು ಬಿಟ್ಟು, ಉಸಿರೆಳೆದು, ಇಳಿದೆ. ಹಿಂದಿದ್ದ ರಿದಂ ಪ್ಯಾಡಿನವನು ಗಾಬರಿಯಾಗಿ ನನ್ನನ್ನು ಕಾಯಲು ಹೋದ, ಕಣ್ಣಲ್ಲೇ ಅವನನ್ನು ಮುಂದೆ ಕಳಿಸಿದೆ. ಚೆನ್ನಾಗಿಯೇ ಬಂತು. ನನಗೆ ಗೊತ್ತು, ಚೆನ್ನಾಗಿಯೇ ಬಂತು.

ವೇದಿಕೆಯ ಪಕ್ಕದ ಮೆಟ್ಟಿಲಿಳಿಯುತ್ತಿದ್ದಾಗ ಒಬ್ಬ ಹೆಂಗಸು ಬಂದು ನನ್ನ ಕೈ ಹಿಡಿದುಕೊಂಡರು. ನನ್ನ ವಯಸ್ಸಿನವರೇ, ಹಳದಿ ಕೆಂಪು ಶಾಲು ಹೊದ್ದಿದ್ದರು, ಕಣ್ಣು ಒದ್ದೆಯಾಗಿತ್ತು.

"ತುಂಬಾ ಚೆನ್ನಾಗಿ ಹಾಡಿದ್ರಿ ಮೇಡಂ. ಸೇಮ್ ಅವರ ಥರಾನೇ. ನಾನು ಆ ಹಾಡನ್ನ ದಿನಾ ಕೇಳ್ತೀನಿ, ಅದಕ್ಕೇ ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ಆ ಎರಡನೇ ಚರಣ ಇದೆಯಲ್ಲ, ಒರಿಜಿನಲ್‌ನಲ್ಲಿ ಅಲ್ಲಿ ಇನ್ನೂ ಒಂಚೂರು ಎಳೀತಾರೆ. ಅದು ಯಾರಿಗೂ ಬರಲ್ಲ ಬಿಡಿ, ಅವರಿಗೇ ಸರಿ."

ಪಕ್ಕೆಲುಬಿನ ಕೆಳಗೆ, ಎಡಗಡೆ, ಅದೇ ಜಾಗದಲ್ಲಿ ಉರಿ ಎದ್ದಿತು. ಆ ಚರಣ ಅವಳದ್ದಾಗಿದ್ದರೆ, ನನ್ನದೇ ಎಳೆತದಲ್ಲಿ ಅವಳು ನನ್ನನ್ನು ಮೀರಿಸಿದ್ದಾಳೆ. ನನ್ನದಾಗಿದ್ದರೆ, ಆ ಗಾಜಿನ ಗೂಡಿನಲ್ಲಿ ಆ ವಾರ ಸುಖವಾಗಿ ನಿಂತು ಹಾಡಿದ ಹೆಂಗಸು ಮತ್ತೆ ನನಗೆ ಸಿಗುವುದಿಲ್ಲ. ಯಾರ ಮೇಲೆ ಹೊಟ್ಟೆಕಿಚ್ಚು ಪಡಬೇಕು ಎಂದು ನನಗೆ ಮೊದಲ ಸಲ ತಿಳಿಯಲಿಲ್ಲ.

"ಹೌದು," ಎಂದೆ ಆ ಹೆಂಗಸಿಗೆ. "ಅದನ್ನ ಹಾಡಿದೋಳು ನನಗಿಂತ ಚೆನ್ನಾಗಿ ಹಾಡಿದಾಳೆ."